ಕ್ರೇಟಿನ ಅಡಿಯ ಹಾಲು

ಇವತ್ತು ಬೆಳಿಗ್ಗೆ ಚಾಮರಾಜಪುರಂನ ಹಾಲಿನ ಬೂತಿನಲ್ಲಿ ನನ್ನನ್ನು ಕಂಡೊಡನೆ ಸಿದ್ದಪ್ಪ ಕ್ರೇಟಿನ ತಳಕ್ಕೆ ಕೈ ತೂರಿಸಿದ. ಮೇಲಿನ ಪ್ಯಾಕೆಟ್ ನಿನ್ನೆಯದು, ಅಡಿಯದು ಇವತ್ತಿನದು ಎಂದು ನಂಬಿ ವರ್ಷಗಟ್ಟಲೆ ಅಡಿಯದನ್ನೇ ಕೇಳಿ ಒಯ್ದವಳು ನಾನು. ನೀವೂ ಕೇಳಿರುತ್ತೀರಿ, ಇಲ್ಲವೆನ್ನಬೇಡಿ.

ವಿಚಿತ್ರವೆಂದರೆ, ನಿವೃತ್ತಿಯಾಗುವವರೆಗೆ ನಾನು ಆಸ್ಪತ್ರೆಯೊಂದರ ರಕ್ತನಿಧಿ ನೋಡಿಕೊಂಡವಳು. ಫ್ರಿಜ್ಜಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು. ಅವಧಿ ಬೇಗ ಮುಗಿಯುವ ಚೀಲ ಮೊದಲು ಹೋಗಬೇಕು, ಹೊಸದು ಕಾಯಬೇಕು. ಇದು ಅಲ್ಲಿನ ಕಟ್ಟಳೆ. ಹಾಗೆ ಮಾಡದಿದ್ದರೆ ಯಾರೋ ತೋಳೊಡ್ಡಿ ಕೊಟ್ಟದ್ದು ಚರಂಡಿಗೆ. ಆದರೂ ರೋಗಿಯ ಕಡೆಯವರು ಬಂದು, "ಮೇಡಂ, ಒಸಿ ಫ್ರೆಶ್ಶಾಗಿರೋದ್ ಕೊಟ್ಬುಡಿ" ಎನ್ನುತ್ತಿದ್ದರು.

"ಇದೇನು ಸೊಪ್ಪಿನ ಅಂಗಡಿಯೇನ್ರೀ? ಅವಧಿಯೊಳಗಿದ್ರೆ ಎಲ್ಲಾ ಒಳ್ಳೇದೇ" ಎಂದು ಗದರುತ್ತಿದ್ದೆ. ಬೀಗದ ಕೈ ಇದ್ದವರಿಗೆ ಗದರುವುದು ಸುಲಭ.

ಕಳೆದ ತಿಂಗಳು ನನ್ನ ತಂಗಿ ಶಾರದೆಗೆ ಗರ್ಭಕೋಶದ ಆಪರೇಷನ್ ಆಯಿತು. ನಡುವೆ ರಕ್ತಸ್ರಾವ ನಿಲ್ಲದೆ ನರ್ಸ್ ಹೊರಗೋಡಿ ಬಂದಳು. ನಮ್ಮ ಕಾಲದಲ್ಲಾದರೆ ಚೀಟಿ ಹಿಡಿದು ಕೆಳಗಿನ ಮಹಡಿಗೆ ಓಡಬೇಕು, ನಾನು ಊಟಕ್ಕೆ ಕೂತಿದ್ದರೆ ಎಬ್ಬಿಸಬೇಕು. ಇಲ್ಲಿ ಥಿಯೇಟರಿನ ಬಾಗಿಲ ಪಕ್ಕದಲ್ಲೇ ರಕ್ತದ ಚೀಲಗಳನ್ನು ತಣ್ಣಗಿಡುವ, ಬೀರುವಿನಂಥ ಒಂದು ಯಂತ್ರ. ಬೀಗದ ಕೈಯೇ ಇಲ್ಲದ ಕಡೆ ಶಿಸ್ತೆಲ್ಲಿಯದು ಎಂದು ಆಗಷ್ಟೇ ಅದನ್ನು ನೋಡಿ ಮೂಗು ಮುರಿದಿದ್ದೆ. ನರ್ಸ್ ಶಾರದೆಯ ಆಸ್ಪತ್ರೆ ಸಂಖ್ಯೆಯನ್ನು ಅದಕ್ಕೆ ತೋರಿಸಿದೊಡನೆ ಒಳಗೆ ಒಂದೇ ಒಂದು ಖಾನೆ ತೆರೆದುಕೊಂಡಿತು. ಚೀಲದ ಮೇಲಿನ ತಾರೀಖನ್ನು ನನ್ನ ಕಣ್ಣು ಅಭ್ಯಾಸಬಲದಿಂದ ಓದಿಬಿಟ್ಟಿತು. ಅವಧಿ ಮುಗಿಯಲು ಹೆಚ್ಚು ದಿನವಿರಲಿಲ್ಲ.

"ಸಿಸ್ಟರ್, ಹೊಸದು ಇದ್ರೆ ಅದನ್ನೇ ಕೊಡಿ!"

ಹೌದು, ನನ್ನದೇ ಬಾಯಿ.

"ನಾನ್ ಕೊಡ್ತೀನಂದ್ರೂ ಇದು ಕೊಡಲ್ಲ ಕಣಮ್ಮ. ಅವ್ರಿಗೆ ಹೊಂದೋದ್ರಲ್ಲಿ ಮೊದ್ಲು ಮುಗಿಯೋದಕ್ಕೇ ಬಾಗ್ಲು ತೆಗೆಯೋದು" ಎನ್ನುತ್ತಲೇ ಅವಳು ಒಳಗೆ ಓಡಿದಳು.

ನಾನು ಬೆಂಚಿನ ಮೇಲೆ ಕೂತೆ. ಬೇಡಿಕೊಂಡರೂ ಕರಗದ, ಊಟಕ್ಕೂ ಏಳದ ಆ ಬೀರು ನನ್ನ ಕಟ್ಟಳೆಯನ್ನೇ ನನಗಿಂತ ಚೆನ್ನಾಗಿ ಪಾಲಿಸುತ್ತಿತ್ತು. ಅವಮಾನವಾಗಬೇಕಿತ್ತು, ಆದದ್ದು ಧೈರ್ಯ. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ, ಶಾರದೆ ಉಳಿಯುತ್ತಾಳೆ ಎನ್ನಿಸಿತು.

ಉಳಿದಳು. ವಾರ್ಡಿಗೆ ಬಂದ ಮೇಲೆ ನನ್ನ ಪ್ರತಾಪ ಕೇಳಿ ಹೊಲಿಗೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಹೊಸಾ ರಕ್ತ ಹಾಕ್ಸಿ ನನ್ನೇನು ಮತ್ತೆ ಮದ್ವೆ ಮಾಡ್ಬೇಕು ಅಂತಿದ್ಯಾ?"

ಸಿದ್ದಪ್ಪನ ಕೈ ಇನ್ನೂ ಕ್ರೇಟಿನ ತಳದಲ್ಲೇ ಇತ್ತು.

"ಮೇಲಿಂದೇ ಕೊಡಪ್ಪ," ಎಂದೆ.

"ಯಾಕಮ್ಮ, ಉಷಾರಾಗಿದ್ದೀರಾ?"

"ಉಷಾರಾಗೇ ಇದ್ದೀನಿ. ತಂಗಿ ಮನೇಲಿದ್ದಾಳೆ, ಪಾಯಸ ಬೇಕಂತೆ. ಇನ್ನೊಂದು ಕೊಡು, ಅದೂ ಮೇಲಿನದೇ."