ನಾಲ್ಕು ಗಂಟೆಯ ಊಟ

ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಯಾರಾದರೂ ನ್ಯೂಯಾರ್ಕ್ ನೋಡಲು ಹೊರಟು "ಅಲ್ಲಿ ಊಟಕ್ಕೇನು ಗತಿ?" ಎಂದರೆ ಉತ್ತರ ಒಂದೇ ಇತ್ತು: "ಅಮರೇಶ್ವರನಿಗೆ ಫೋನ್ ಮಾಡಿ." ಎಲ್ಲಿ ನಿಜವಾದ ಸಸ್ಯಾಹಾರ ಸಿಗುತ್ತದೆ, ಎಲ್ಲಿ ಬೋರ್ಡಿನಲ್ಲಿ ಮಾತ್ರ ಸಿಗುತ್ತದೆ, ಎಲ್ಲಿ ರುಚಿಯಿದ್ದರೂ ಜೇಬಿಗೆ ಕತ್ತರಿ, ಎಲ್ಲಿ ಜೇಬು ಉಳಿದರೂ ಹೊಟ್ಟೆ ಕೆಡುತ್ತದೆ, ಇದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಜನ ಫೋನ್ ಮಾಡುತ್ತಿದ್ದರು, ದಾರಿ ಕೇಳಿಕೊಳ್ಳುತ್ತಿದ್ದರು, ಹೆಂಡತಿ ಮಕ್ಕಳ ಜೊತೆ ಹೋಗಿ ಹೊಟ್ಟೆ ತುಂಬ ಉಂಡು ಬರುತ್ತಿದ್ದರು. ದಾರಿ ಹೇಳಿದವನು ತನ್ನ ಕೋಣೆಯಲ್ಲಿ ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿಕೊಂಡು ಕೂತಿರುತ್ತಿದ್ದ. ಇದರಲ್ಲಿ ತಪ್ಪು ಯಾರದು ಎಂದು ಈಗಲೇ ತೀರ್ಪು ಕೊಡಬೇಡಿ. ನನಗೂ ಅದು ಇನ್ನೂ ಬಗೆಹರಿದಿಲ್ಲ.

ಅಮರೇಶ್ವರ ರಾಯಚೂರು ಜಿಲ್ಲೆಯ ಲಿಂಗಸೂಗೂರಿನವನು. ನ್ಯೂಅರ್ಕಿನ ಒಂದು ಕಂಪನಿಯಲ್ಲಿ ಸೇತುವೆಗಳ ನಕ್ಷೆ ಬರೆಯುವ ಕೆಲಸ. ವಾಸ ಜೆರ್ಸಿ ಸಿಟಿಯಲ್ಲಿ, ಒಬ್ಬ ಪೋಲಿಷ್ ಮುದುಕಿಯ ಮನೆಯ ಮೇಲಿನ ಕೋಣೆ. ಮುದುಕಿ ಒಳ್ಳೆಯವಳೇ, ಆದರೆ ಒಗ್ಗರಣೆಯ ಘಾಟು ಮೂಗಿಗೆ ಬಿದ್ದರೆ ಮನೆಗೆ ಬೆಂಕಿ ಬಿದ್ದವಳಂತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಹೀಗಾಗಿ ಆ ಕೋಣೆಯಲ್ಲಿ ಒಲೆ ಉರಿಯಲೇ ಇಲ್ಲ. ತಂಗಿಯರ ಮದುವೆಗಳನ್ನು ಒಂದಾದ ಮೇಲೊಂದು ಮಾಡಿ ಮುಗಿಸುವಷ್ಟರಲ್ಲಿ ಅವನ ಮದುವೆಯ ಮಾತೆತ್ತುವವರೇ ಇಲ್ಲವಾಗಿ, ಕಿವಿಯ ಮೇಲೆ ಬಿಳಿಕೂದಲು ಕಾಣಿಸಿಕೊಂಡಿತ್ತು.

ಶನಿವಾರ ಬಂತೆಂದರೆ ಪಾತ್ ಎಂಬ ಟ್ರೇನು ಹಿಡಿದು, ನದಿಯಡಿಯ ಸುರಂಗ ದಾಟಿ, ನ್ಯೂಯಾರ್ಕಿನಲ್ಲಿ ಇಳಿದು ನಡೆಯುತ್ತಿದ್ದ. ಮೊದಮೊದಲು ನಮ್ಮ ದೇಶದ ಹೋಟೆಲುಗಳನ್ನೇ ಹುಡುಕಿದ. ಕೆಲವು ಕಡೆ ಕೆಂಪು ಮಖಮಲ್ಲಿನ ಗೋಡೆ, ಸಿತಾರಿನ ರೆಕಾರ್ಡು, ರುಮಾಲು ಸುತ್ತಿದ ಮಾಣಿ. ಅಲ್ಲಿ ಬಿಲ್ಲು ನೋಡಿದರೆ ಉಂಡದ್ದೆಲ್ಲ ಇಳಿದುಹೋಗುತ್ತಿತ್ತು. ಅಗ್ಗದ ಕಡೆಗಳಲ್ಲಿ ಎಲ್ಲ ಪಲ್ಯಕ್ಕೂ ಒಂದೇ ಕೆಂಪು ಗೊಜ್ಜು, ಆ ಗೊಜ್ಜಿಗೆ ಬರುವ ಮೊದಲು ಸೌಟು ಎಲ್ಲಿ ಮುಳುಗಿತ್ತೋ ಶಿವನೇ ಬಲ್ಲ. ಎಂಟನೇ ಅವೆನ್ಯೂದಲ್ಲಿ ಕ್ಯೂಬಾದಿಂದ ಬಂದ ಚೀನೀಯರ ಹೋಟೆಲುಗಳಿದ್ದವು. ಬಿಸಿ ಅನ್ನದ ಮೇಲೆ ಕರಿಕಾಳಿನ ಸಾರು ಸುರಿದು ಕೊಡುತ್ತಿದ್ದರು. ಥೇಟ್ ಅವ್ವನ ಅಲಸಂದಿ ಸಾರು ಎಂದುಕೊಂಡು ಒಂದು ಚಳಿಗಾಲ ಪೂರ್ತಿ ಸಂತೋಷದಿಂದ ಉಂಡ. ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆಂದು ಗೊತ್ತಾದ ದಿನ ತಣ್ಣೀರಿನಲ್ಲಿ ಸ್ನಾನ ಮಾಡಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ. ಹೀಗೆ ತಾನು ಎಡವಿದ ಒಂದೊಂದು ಕಲ್ಲನ್ನೂ ಉಳಿದವರಿಗೆ ತೋರಿಸಿಕೊಟ್ಟ ಪುಣ್ಯಾತ್ಮ ಅವನು.

ಆದರೆ ಊಟ ಸಿಕ್ಕರೂ ಅವನಿಗೆ ಉಂಡಂತಾಗುತ್ತಿರಲಿಲ್ಲ. ಎದುರಿಗೆ ಒಬ್ಬರು ಕೂತಿರಬೇಕು, ಉಪ್ಪು ಕಡಿಮೆಯಾಯಿತು ಎನ್ನಬೇಕು, ಬೇಡವೆಂದರೂ ತಟ್ಟೆಗೆ ಒಂದಿಷ್ಟು ಸುರಿಯಬೇಕು. ಒಬ್ಬನೇ ಕೂತು ಗೋಡೆ ನೋಡುತ್ತ ಅಗಿಯುವುದು ಅವನಿಗೆ ಸಾಕುಸಾಕಾಗಿತ್ತು. ಎಷ್ಟೋ ಸಲ ಅರ್ಧಕ್ಕೇ ಎದ್ದು ಬಂದದ್ದುಂಟು.

ಕೊನೆಗೆ ಚೈನಾಟೌನಿನಲ್ಲಿ ಅವನಿಗೆ ಮಿಸೆಸ್ ಫಾಂಗ್ ಸಿಕ್ಕಳು. ಬಾತುಕೋಳಿಗಳನ್ನು ನೇತುಹಾಕಿದ ಅಂಗಡಿಗಳನ್ನು ಮೂಗು ಮುಚ್ಚಿಕೊಂಡು ದಾಟಿದರೆ ಒಂದು ಸಂದಿ, ಆ ಸಂದಿಯಲ್ಲಿ ಅವಳ ಹೋಟೆಲು. ಗೋಡೆಯ ಮೇಲೆ ಬುದ್ಧ, ಬುದ್ಧನ ಮುಂದೆ ಕಿತ್ತಳೆಹಣ್ಣು ಮತ್ತು ಊದುಬತ್ತಿ. ಅಲ್ಲಿ ಮೀನು ಮಾಂಸ ಹೋಗಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಅನ್ನ, ಸಾಸಿವೆ ಸೊಪ್ಪು, ಅಣಬೆ, ಸೋಯಾ ಹಾಲಿನಿಂದ ಗಿಣ್ಣಿನಂತೆ ಕಟ್ಟಿದ ತೋಫು. ಬೆಲೆಯೂ ಬಡವನ ಕೈಗೆಟಕುವಂಥದು. ಮಿಸೆಸ್ ಫಾಂಗ್ ಗಂಡನನ್ನು ಕಳೆದುಕೊಂಡ, ಎಪ್ಪತ್ತರ ಹತ್ತಿರದ, ಗಿಡ್ಡನೆಯ ಹೆಂಗಸು. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ, ಇವನದೂ ಅಷ್ಟಕ್ಕಷ್ಟೇ, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಈ ಒಂದು ಜಾಗವನ್ನು ಮಾತ್ರ ಅಮರೇಶ್ವರ ಯಾರಿಗೂ ಹೇಳಲಿಲ್ಲ. ಹೊಟ್ಟೆಕಿಚ್ಚು ಎನ್ನಿ, ಪ್ರೀತಿ ಎನ್ನಿ.

ಮಧ್ಯಾಹ್ನದ ಗಿರಾಕಿಗಳು ಹೋಗಿ ಸಂಜೆಯವರು ಬರುವ ನಡುವೆ, ನಾಲ್ಕು ಗಂಟೆಗೆ, ಹೋಟೆಲಿನವರು ಊಟಕ್ಕೆ ಕೂರುತ್ತಿದ್ದರು. ಅಡುಗೆಮನೆಯ ಬಾಗಿಲ ಹತ್ತಿರ ಒಂದು ದೊಡ್ಡ ದುಂಡು ಮೇಜು. ಮಿಸೆಸ್ ಫಾಂಗ್, ಅವಳ ಸೊಸೆ, ಅಡುಗೆಯವನು, ಪಾತ್ರೆ ತೊಳೆಯುವ ಮುದುಕ, ಎಲ್ಲರೂ ಸುತ್ತ ಕೂತು, ನಡುವೆ ಇಟ್ಟ ಬೋಗುಣಿಗಳಿಂದ ಒಬ್ಬರ ಬಟ್ಟಲಿಗೆ ಒಬ್ಬರು ಹಾಕುತ್ತ, ಜಗಳವೋ ನಗೆಯೋ ತಿಳಿಯದಂತೆ ಗದ್ದಲ ಮಾಡುತ್ತ ಉಣ್ಣುತ್ತಿದ್ದರು. ಅಮರೇಶ್ವರ ತನ್ನ ಊಟ ಮುಗಿದರೂ ಚಹಾ ಗುಟುಕರಿಸುತ್ತ ಅದನ್ನೇ ನೋಡುತ್ತ ಕೂತಿರುತ್ತಿದ್ದ. ಆ ಮೇಜಿನಲ್ಲಿ ಒಂದು ಸಲ ಕೂತರೆ ಸಾಕು ಎಂದು ಅವನ ಜೀವ ಹಂಬಲಿಸುತ್ತಿತ್ತು.

ಒಂದು ಶನಿವಾರ ಟ್ರೇನು ತಡವಾಗಿ ಅವನು ಬಂದಾಗ ಅವರು ಊಟಕ್ಕೆ ಕೂತಾಗಿತ್ತು. ಮಿಸೆಸ್ ಫಾಂಗ್ ಅವನನ್ನು ನೋಡಿದಳು, ಕಾಲಿನಿಂದಲೇ ಒಂದು ಸ್ಟೂಲು ಎಳೆದಳು.

"ಬಾ, ನಮ್ಮ ಜೊತೆ ಕೂತುಕೋ. ಉಣ್ಣು."

ಅಮರೇಶ್ವರ ಇಷ್ಟು ದಿನ ಹಂಬಲಿಸಿದ್ದು ಈ ಕರೆಗೇ. ಆದರೆ ಬಾಯಿ ಏನು ಹೇಳಿತು ಗೊತ್ತೇ? "ಬೇಡ ಬೇಡ, ನನ್ನ ಊಟ ಆಗಿದೆ."

ಲಿಂಗಸೂಗೂರಿನವರು ಇದನ್ನು ಕೇಳಿದರೆ ಸರಿ ಎಂದು ತಲೆಯಾಡಿಸುತ್ತಾರೆ. ಅಲ್ಲಿ ಉಣ್ಣುವವನು ಬಾಗಿಲ ಮುಂದೆ ಹಾದುಹೋಗುವವನನ್ನೂ "ಬರ್ರಿ ಊಟಕ್ಕ" ಎಂದು ಕರೆಯಬೇಕು, ಕರೆಸಿಕೊಂಡವನು "ಆಗೇದ್ರಿ, ನೀವು ಮಾಡ್ರಿ" ಎನ್ನಬೇಕು. ಮನಸ್ಸಿದ್ದವರು ಎರಡನೇ ಸಲ ಕರೆಯುತ್ತಾರೆ, ಮೂರನೇ ಸಲ ಕೈ ಹಿಡಿದು ಎಳೆದು ಕೂರಿಸುತ್ತಾರೆ. ಮೊದಲ ಕರೆಗೇ ಹ್ಞೂಂ ಎಂದು ಕೂತವನನ್ನು ಊರೆಲ್ಲ ಹೊಟ್ಟೆಬಾಕ ಎನ್ನುತ್ತದೆ. ಅವ್ವ ಮೊಲೆಹಾಲಿನ ಜೊತೆ ಕಲಿಸಿದ ಮರ್ಯಾದೆ ಅದು.

ಮಿಸೆಸ್ ಫಾಂಗ್ "ಓಕೆ" ಎಂದಳು, ಸ್ಟೂಲನ್ನು ಹಿಂದಕ್ಕೆ ತಳ್ಳಿ ತನ್ನ ಊಟಕ್ಕೆ ತಿರುಗಿದಳು. ಅಮರೇಶ್ವರ ಎರಡನೇ ಕರೆಗೆ ಕಾದ. ಚಹಾ ತರಿಸಿಕೊಂಡು ಕಾದ. ಕರೆ ಬರಲಿಲ್ಲ. ಊಟ ಆಗಿದೆ ಎಂದವನು ಊಟ ತರಿಸುವುದಾದರೂ ಹೇಗೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ತಾನೇ ಕೈಯಾರೆ ಚೆಲ್ಲಿ, ಬರಿಹೊಟ್ಟೆಯಲ್ಲಿ ಟ್ರೇನು ಹತ್ತಿದ.

ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ. ಈ ದೇಶದಲ್ಲಿ ಇರುವವರು ಒಂದೇ ಸಲ ಕರೆಯುತ್ತಾರೆ, ಮನಸ್ಸಿನಿಂದಲೇ ಕರೆಯುತ್ತಾರೆ, ಬೇಡವೆಂದರೆ ಬೇಡ ಎಂದೇ ತಿಳಿಯುತ್ತಾರೆ. ಹಾಗಿದ್ದರೆ ನಮ್ಮ ಕನ್ನಡದವರೂ ಇಲ್ಲಿಯವರೇ ಆಗಿದ್ದಾರಲ್ಲ? ವೆಸ್ಟ್ ವಿಂಡ್ಸರಿನ ನಿರುಪಮಾ ಪ್ರತಿ ಸಲ ಫೋನಿಡುವ ಮುಂಚೆ "ನೀವೂ ಬನ್ನಿ ನಮ್ಮ ಜೊತೆ" ಅನ್ನುತ್ತಿದ್ದಳು. ಇವನು ಪ್ರತಿ ಸಲ "ಇಲ್ರಿ, ನೀವು ಹೋಗಿ ಬರ್ರಿ" ಅನ್ನುತ್ತಿದ್ದ. ಉಳಿದವರೂ ಹಾಗೇ ಕರೆದಿದ್ದರು. ಇಷ್ಟು ವರ್ಷ ನನ್ನನ್ನು ಯಾರೂ ಕರೆಯಲಿಲ್ಲ ಎಂದು ಕೊರಗಿದ್ದೆ, ಎಲ್ಲರೂ ಕರೆದಿದ್ದರು, ಬಾಗಿಲು ಮುಚ್ಚಿದವನು ನಾನೇ! ಹೀಗೆ ಅನಿಸಿದಾಗ ಅವನಿಗೆ ಅಳುವೂ ಬಂತು, ಎಂದೂ ಇಲ್ಲದ ಹಗುರವೂ ಆಯಿತು. ಇನ್ನು ಮುಂದೆ ಯಾರು ಕರೆದರೂ ಮೊದಲ ಕರೆಗೇ ಹೋಗುವುದು ಎಂದು ನಿಶ್ಚಯಿಸಿದ.

ಆ ವಾರದಲ್ಲೇ ನಿರುಪಮಾಳ ಫೋನು ಬಂತು. ಮೈಸೂರಿನವಳು, ಅಚ್ಚುಕಟ್ಟು ಮಾತು. ಗಂಡ ಶಂಕರನಾರಾಯಣ ಪ್ರಿನ್ಸ್‌ಟನ್ ಕಡೆ ಒಂದು ಪ್ರಯೋಗಾಲಯದಲ್ಲಿದ್ದ.

"ಅಮರೇಶ್ವರ ಅವರೇ, ನಮ್ಮತ್ತೆ ಬಂದಿದಾರೆ. ಶನಿವಾರ ಎಂಪೈರ್ ಸ್ಟೇಟ್ ಬಿಲ್ಡಿಂಗ್ ತೋರಿಸ್ಕೊಂಡು ಬರೋಣ ಅಂತ. ಸಮುದ್ರ ದಾಟಿದ ಮೇಲೆ ಮಡಿಗಿಡಿ ಎಲ್ಲಾ ಬಿಟ್ಟಿದಾರೆ, ಆದ್ರೆ ಈರುಳ್ಳಿ ಬೆಳ್ಳುಳ್ಳಿ ಮಾತ್ರ ಮುಟ್ಟಲ್ಲ. ನ್ಯೂಯಾರ್ಕಲ್ಲಿ ಅಂಥಾ ಹೋಟೆಲ್ ಇದೆಯಾ? ಇದ್ರೆ ನಿಮಗೇ ಗೊತ್ತಿರಬೇಕು."

ಬೇರೆ ದಿನವಾಗಿದ್ದರೆ ಅಮರೇಶ್ವರ ಇಲ್ಲ ಎಂದುಬಿಡುತ್ತಿದ್ದನೇನೋ. ಆ ದಿನ ಅವನ ಮನಸ್ಸು ತುಂಬಿತ್ತು. ಮಿಸೆಸ್ ಫಾಂಗಳ ಹೋಟೆಲಿನ ದಾರಿಯನ್ನು, ಕಾರು ಎಲ್ಲಿ ನಿಲ್ಲಿಸಬೇಕೆಂಬುದರ ಸಮೇತ, ವಿವರವಾಗಿ ಹೇಳಿದ. ತೋಫುವನ್ನು ಶುಂಠಿ ಹಾಕಿಸಿ ತರಿಸಿರಿ ಎಂದ.

"ತುಂಬಾ ಥ್ಯಾಂಕ್ಸ್ ಕಣ್ರೀ. ನೀವೂ ಬನ್ನಿ ನಮ್ಮ ಜೊತೆ."

"ಬರ್ತೀನ್ರಿ."



"ಹಾಂ?"

"ಬರ್ತೀನಿ ಅಂದ್ನಿರಿ ಅಕ್ಕಾರ. ಅಲ್ಲೇ ಹೋಟೆಲ್ ಬಾಗಿಲದಾಗ ನಿಂತಿರ್ತೀನಿ."

"ಓ... ಸಂತೋಷ. ಅಲ್ಲ, ಏನಂದ್ರೆ, ಇವರ ಬಾಸ್ ಫ್ಯಾಮಿಲಿನೂ ಬರಬಹುದು. ಅತ್ತೆಗೂ ಹೊಸಬರು ಅಂದ್ರೆ ಸ್ವಲ್ಪ ಸಂಕೋಚ... ಇವರನ್ನ ಒಂದು ಮಾತು ಕೇಳಿ ಹೇಳಲಾ?"

ಅಮರೇಶ್ವರ ದಡ್ಡನಲ್ಲ. ಮೈಸೂರಿನ ಮರ್ಯಾದೆಯೂ ಲಿಂಗಸೂಗೂರಿನ ಮರ್ಯಾದೆಯೂ ಒಂದೇ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಕರೆಯುವುದು ಅವಳ ಧರ್ಮ, ಒಲ್ಲೆ ಎನ್ನುವುದು ಇವನ ಧರ್ಮ. ಇಷ್ಟು ವರ್ಷ ಇಬ್ಬರೂ ಸರಿಯಾಗಿ ಪಾಲಿಸಿಕೊಂಡು ಬಂದದ್ದನ್ನು ಈ ದಿನ ಇವನು ಮುರಿದಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳ ಪೇಚಾಟ ಕೇಳಲಾರದೆ ತಾನೇ ಅವಳನ್ನು ಪಾರುಮಾಡಿದ.

"ಅಯ್ಯ, ಮರ್ತೇಬಿಟ್ಟಿದ್ದೆ ನೋಡ್ರಿ. ಶನಿವಾರ ನನಗ ಆಫೀಸಿನ ಕೆಲಸ ಐತಿ. ನೀವು ಹೋಗಿ ಬರ್ರಿ."

"ಅಯ್ಯೋ ಹೌದಾ? ಎಂಥಾ ಕೆಲಸ ಆಯ್ತು ನೋಡಿ!" ಎಂದಳು ನಿರುಪಮಾ. ಅವಳು ನಿರಾಳವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಅವಳೇನೂ ಕೆಟ್ಟವಳಲ್ಲ. ನಿಮ್ಮ ಹಾಗೆ, ನನ್ನ ಹಾಗೆ.

ಶನಿವಾರ ಅಮರೇಶ್ವರ ಕೋಣೆಯಲ್ಲೇ ಇರಬೇಕೆಂದು ಮಾಡಿದ್ದ. ಆಗಲಿಲ್ಲ. ಮಧ್ಯಾಹ್ನ ಉಂಡವರು ನಾಲ್ಕರ ಹೊತ್ತಿಗೆ ಹೊರಟುಹೋಗಿರುತ್ತಾರೆ, ಮಿಸೆಸ್ ಫಾಂಗ್ ಕರೆಯದಿದ್ದರೂ ಸರಿ, ಈ ಸಲ ನಾನೇ ಬಾಯಿಬಿಟ್ಟು ಕೇಳುತ್ತೇನೆ ಎಂದುಕೊಂಡು ಹೊರಟ. ಕರೆಯದ ಊಟಕ್ಕೆ ಹೋಗುವುದೆಂದರೆ ಅವರ ಮನೆತನದಲ್ಲಿ ಸತ್ತಂತೆ. ಆದರೂ ಹೊರಟ, ಅಷ್ಟು ಸೋತಿದ್ದ.

ಆದರೆ ಎಂಪೈರ್ ಸ್ಟೇಟಿನ ಸಾಲಿನಲ್ಲಿ ನಿಂತು ನಿಂತು ನಿರುಪಮಾಳ ಮನೆಯವರಿಗೆ ತಡವಾಗಿತ್ತು. ಹೋಟೆಲಿನ ಗಾಜಿನಾಚೆ ದುಂಡು ಮೇಜಿನ ಸುತ್ತ ನಿರುಪಮಾ, ಶಂಕರನಾರಾಯಣ, ಮಕ್ಕಳು, ಉಣ್ಣೆ ಶಾಲು ಹೊದ್ದ ಅತ್ತೆ. ಬಾಸಿನ ಫ್ಯಾಮಿಲಿ ಕಾಣಲಿಲ್ಲ. ಜನ ಜಾಸ್ತಿ ಎಂದು ಅವರಿಗೆ ಆ ಮೇಜನ್ನೇ ಕೊಟ್ಟಿದ್ದರು. ಒಂದು ಸ್ಟೂಲು ಖಾಲಿಯಿತ್ತು, ಅದರ ಮೇಲೆ ಕೋಟುಗಳನ್ನು ಪೇರಿಸಿದ್ದರು.

ಕಳ್ಳನಂತೆ ಅವನು ಪಕ್ಕದ ಓಣಿಗೆ ಸರಿದ. ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿ ಎಲೆಕೋಸಿನ ಸಿಪ್ಪೆ ಸುರಿಯಲು ಬಂದಿದ್ದ ಮಿಸೆಸ್ ಫಾಂಗ್ ಅವನನ್ನು ನೋಡಿಬಿಟ್ಟಳು.

"ಊಟ ಮಾಡಿದೆಯಾ?"

"ಇಲ್ಲ."

"ನಮ್ಮ ಮೇಜು ಗಿರಾಕಿಗಳಿಗೆ ಹೋಯಿತು. ಒಳಗೇ ನಿಂತು ಉಣ್ಣುತ್ತಿದ್ದೇವೆ. ಬಾ."

"ಬಂದೆ," ಎಂದ ಅಮರೇಶ್ವರ.

ಒಲೆಗಳ ನಡುವೆ ಜಾಗವೆಂದರೆ ಅಷ್ಟೇ ಜಾಗ. ಪಾತ್ರೆ ತೊಳೆಯುವ ಮುದುಕ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ, ಸೊಸೆ ಬಟ್ಟಲಿಗೆ ಅನ್ನ ಹಾಕಿ ಕೈಗೆ ಕೊಟ್ಟಳು. ಯಾರೂ ಏನೂ ಕೇಳಲಿಲ್ಲ. ಬಿಸಿ ಅನ್ನದ ಮೊದಲ ತುತ್ತು ಬಾಯಿಗಿಡುವಾಗ, ತಟ್ಟೆ ದಾಟಿಸುವ ಕಿಂಡಿಯಿಂದ ಕನ್ನಡ ಕೇಳಿಸಿತು. ಅತ್ತೆಯ ದನಿ.

"ಎಷ್ಟು ರುಚಿಯಾಗಿದೆಯೇ ನಿರುಪಮಾ! ಇಂಥಾ ಜಾಗ ಯಾರು ಹೇಳಿದ್ದು ನಿಂಗೆ?"

"ಅಮರೇಶ್ವರ ಅಂತ ಅತ್ತೆ, ರಾಯಚೂರ ಕಡೆಯೋರು. ಒಬ್ರೇ ಇರೋದು, ಪಾಪ."

"ಒಬ್ರೇನಾ? ಹಾಗಿದ್ರೆ ಅವರನ್ನೂ ಕರೀಬಾರದಿತ್ತೇನೇ?"

"ಕರೆದೆ ಅತ್ತೆ. ಅವರೇ ಬರಲ್ಲ ಅಂದ್ರು. ಯಾವಾಗ್ಲೂ ಹಾಗೇ ಅವರು."

ಅಮರೇಶ್ವರ ಬಟ್ಟಲು ಹಿಡಿದು ನಿಂತೇ ಇದ್ದ. ಅವಳು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ಮಿಸೆಸ್ ಫಾಂಗ್ ಅವನ ಮುಖ ನೋಡಿದಳು, ಕಿಂಡಿಯ ಕಡೆ ನೋಡಿದಳು. "ಅದು ನಿನ್ನ ಭಾಷೆಯಾ?"

"ಹೌದು."

"ಏನಂತಾರೆ?"

ಅವನು ಕಣ್ಣೊರೆಸಿಕೊಂಡ. "ಊಟ ಚೆನ್ನಾಗಿದೆಯಂತೆ," ಎಂದ.

ಅವಳಿಗೆ ಬಹಳ ಖುಷಿಯಾಯಿತು. ಕೇಳದೆಯೇ ಅವನ ಬಟ್ಟಲಿಗೆ ಇನ್ನೊಂದು ಸೌಟು ಸೊಪ್ಪು ಹಾಕಿ, ಉಣ್ಣು ಎಂದಳು.