ಆಯೇರಿಯಾಗಿ ಬಂದ ಶಾಲು

ದುಂಡವ್ವನಿಗೆ ಹೆಣಿಗೆಯ ಕಡ್ಡಿ ಹಿಡಿಯಲು ಕಲಿಸಿದವಳೇ ಮಾಯಾ. ಹುಡುಗಿಯರಾಗಿದ್ದಾಗ ಇಬ್ಬರೂ ಚಿಕ್ಕೋಡಿಯ ಹೊಲಿಗೆ ಕ್ಲಾಸಿನಲ್ಲಿ ಒಂದೇ ಚಾಪೆಯ ಮೇಲೆ ಕೂತವರು. ಮುಂದೆ ಮಾಯಾ ನಿಪ್ಪಾಣಿಗೆ ಸೊಸೆಯಾಗಿ ಹೋಗಿ ಕಡ್ಡಿಗಳನ್ನು ಅಟ್ಟಕ್ಕೆಸೆದಳು. ಪಾಲಬಾವಿಗೆ ಮದುವೆಯಾಗಿ ಬಂದ ದುಂಡವ್ವ ಮಾತ್ರ ಎಮ್ಮೆ, ಮೇವು, ಮಕ್ಕಳ ಮದುವೆ ಎಲ್ಲದರ ನಡುವೆಯೂ ಅವನ್ನು ಬಿಡಲಿಲ್ಲ. ಕೈಯಲ್ಲಿ ಕಡ್ಡಿ ಬಂತೆಂದರೆ ಬಾಯಲ್ಲಿ ಮಾಯಾಳ ಹೆಸರು ಬಂದೇ ಬರುತ್ತಿತ್ತು. ಕೇಳಿ ಕೇಳಿ ಗಂಡ ಸತ್ಯಪ್ಪನಿಗೆ ಸಾಕಾಗಿಹೋಗಿತ್ತು.

ಹೋದ ದೀಪಾವಳಿಯ ಹೊತ್ತಿಗೆ ಅವಳು ಮುಗಿಸಿದ ಜಾಲರಿ ಶಾಲು ಅಂತಿಂಥದ್ದಲ್ಲ. ಅಥಣಿ ಕಡೆಯ ತೋಟಗಳಲ್ಲಿ ಕಂಡ ದ್ರಾಕ್ಷಿ ಎಲೆಯನ್ನೇ ತಲೆಯಲ್ಲಿಟ್ಟುಕೊಂಡು ತಾನೇ ಕಟ್ಟಿದ ವಿನ್ಯಾಸ. ಒಂದು ಕುಣಿಕೆ ಜಾರಿದರೂ ಇಡೀ ಎಲೆ ಕೆಟ್ಟುಹೋಗುತ್ತಿತ್ತು. ಮಳೆಗಾಲವಿಡೀ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಕೊನೆಯ ಕುಣಿಕೆ ಮುಚ್ಚಿ, ನೀರಿನಲ್ಲಿ ಅದ್ದಿ ಹಿಂಡಿ, ಮಂಚದ ಮೇಲಿನ ಕೌದಿಗೆ ಎಳೆದು ಸುತ್ತಲೂ ಪಿನ್ನು ಚುಚ್ಚಿದಾಗ, ಮುದುಡಿಕೊಂಡಿದ್ದ ತೂತುಗಳೆಲ್ಲ ಒಮ್ಮೆಗೇ ಬಿಚ್ಚಿಕೊಂಡವು. ಅದು ಒಣಗುವವರೆಗೂ ಸತ್ಯಪ್ಪನ ಹಾಸಿಗೆ ನೆಲಕ್ಕಿಳಿಯಿತು.

ಶಾಲು ಒಣಗುವ ಮೊದಲೇ ಮುಂದಿನದರ ಯೋಚನೆ ಶುರು. "ಮಾಯಾಗ ಒಂದು ಮರೂನ್ ಸ್ವೆಟರ್ ಆಗಬೇಕ್ರಿ. ಆಕೀ ಹೊಸಾ ಮನಿಗೆ ಜಾಲರಿ ತೋರಣ. ಆಕೀ ಸೊಸಿ ಬಸರಾದ್ಲಂದ್ರ ಕುಂಚಿಗಿ, ಕಾಲಚೀಲ."

"ಆ ಮನ್ಯಾಗ ನಾಯಿ ಐತೇನು? ಅದಕ್ಕೂ ಒಂದು ಹೆಣದ ಬಿಡ," ಎಂದ ಸತ್ಯಪ್ಪ.

ದುಂಡವ್ವ ನಕ್ಕಳು. ಮರುವಾರವೇ ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ ಶಾಲನ್ನು ಗೆಳತಿಗೆ ಹೊದಿಸಿ ಬಂದಳು. ಬರುವಾಗ ಮರೂನ್ ಉಣ್ಣೆಯನ್ನೂ ತಂದಳು.

ಈ ಬೇಸಿಗೆಯಲ್ಲಿ ಮಾಯಾಳ ಹೊಸ ಮನೆಯ ವಾಸ್ತುಶಾಂತಿ. ಊಟವಾದ ಮೇಲೆ ಬಂದ ಹೆಂಗಸರಿಗೆ ಉಡುಗೊರೆಯ ಬಟ್ಟೆ, ಆಯೇರಿ, ಕೊಡುವ ಗದ್ದಲ. ಈ ಆಯೇರಿ ಬಟ್ಟೆಯ ಹಣೆಬರಹ ಗೊತ್ತಲ್ಲ. ಒಬ್ಬರು ಕೊಟ್ಟ ಸೀರೆ ಮಡಿಕೆ ಮುರಿಯದೆ ಕಪಾಟಿನಲ್ಲಿ ಕೂತು, ಇನ್ನೊಬ್ಬರ ಮನೆಯ ಮದುವೆಗೆ ಹೊರಡುತ್ತದೆ. ಎಲ್ಲರೂ ಮಾಡುವುದೇ, ಯಾರೂ ಬಾಯಿ ಬಿಡುವುದಿಲ್ಲ. ದುಂಡವ್ವನೂ ಮಾಡಿದ್ದಾಳೆ, ಸುಳ್ಳೇಕೆ ಹೇಳಬೇಕು?

ಮಾಯಾ ಅವಳ ಹಣೆಗೆ ಕುಂಕುಮ ಹಚ್ಚಿ, ಉಡಿಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟಳು. ಒಳಗೆ ಅದೇ ಶಾಲು. ತಾನು ಹೆಣೆದದ್ದನ್ನು ಗುರುತಿಸಲು ಯಾರಾದರೂ ಸಾಕ್ಷಿ ಹೇಳಬೇಕೇ?

"ಎಲ್ಲಿಂದ ತಂದಿ ಬೇ ಇದನ್ನ?" ದುಂಡವ್ವ ಶಾಲಿನ ತುದಿ ಹಿಡಿದು ಕೇಳಿದಳು.

ಪಕ್ಕದಲ್ಲಿ ಮಾಯಾಳ ಬೀಗಿತ್ತಿ ಕೂತಿದ್ದಳು. ಮಾಯಾ ಅವಳಿಗೂ ಕೇಳುವಂತೆ, "ನಮ್ಮ ಸೊಸಿ ಮನೀಷಾ ಕೊಲ್ಲಾಪುರದಾಗ ತಗೊಂಡಾಳ. ಮಷಿನ್ ಕೆಲಸ. ಕೈಲೆ ಇಷ್ಟ ಸಾಫ್ ಎಲ್ಲಿ ಬರತೈತಿ?" ಎಂದಳು.

ಪಾಪ, ಸೊಸೆ ತಿಳಿಯದೆ ಚೀಲಕ್ಕೆ ಹಾಕಿರಬೇಕು, ಮಾಯಾಳಿಗೆ ಗುರುತು ಸಿಕ್ಕಿಲ್ಲ ಎಂದುಕೊಂಡಳು ದುಂಡವ್ವ. ಆಗಲೂ ಗೆಳತಿಯ ಪರವಾಗಿಯೇ ವಕಾಲತ್ತು. ಅಡುಗೆಮನೆಯವರೆಗೂ ಅವಳ ಬೆನ್ನು ಹತ್ತಿ ಹೋಗಿ ಮೆಲ್ಲಗೆ, "ಮಾಯಾ, ಇದು ನಂದು," ಎಂದಳು.

ಮಾಯಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಗೊತ್ತೈತಿ ಬೇ. ಚೀಲಕ್ಕ ನಾನ ಹಾಕೇನಿ. ಕಪಾಟದಾಗ ಸುಮ್ನ ಬಿದ್ದಿತ್ತು, ಈಗ ಇಂಥಾದ್ದು ಯಾರ ಹೊದೀತಾರ? ಬ್ಯಾರೇದವ್ರಿಗೆ ಕೊಡೂದಕಿಂತ ನಿನಗ ಹೋಗಲಿ ಅಂದೆ. ಬೀಗ್ತಿ ಮುಂದ ಮತ್ತೇನ್ ಹೇಳ್ಲಿ? ಮನಸಿಗೆ ಹಚ್ಕೋಬ್ಯಾಡ."

ಹೆಣಿಗೆ ಅರಿಯದವರು ಮಾಡಿದ್ದರೆ ದುಂಡವ್ವ ನಕ್ಕು ಬಿಡುತ್ತಿದ್ದಳು. ಒಂದೊಂದು ತೂತಿಗೂ ಎಷ್ಟು ಕಣ್ಣು ಸವೆಯುತ್ತದೆಂದು ಕಲಿಸಿದವಳಿಗೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು. ಆದರೂ ಮಂದಿಯ ಮುಂದೆ ಗೆಳತಿಯ ಮರ್ಯಾದೆ ತೆಗೆಯಲಿಲ್ಲ. ಚೀಲ ಹಿಡಿದುಕೊಂಡು ಹೊರಟು ಬಂದಳು.

ಮರುದಿನ, ಎತ್ತಿಟ್ಟಿದ್ದ ಮರೂನ್ ಉಣ್ಣೆ ತೆಗೆದಳು, ಈ ಸಲ ತನಗೇ ಒಂದು ಸ್ವೆಟರ್ ಹೆಣೆಯಲೆಂದು. ಸಿಟ್ಟಿನಲ್ಲೇ ಕಡ್ಡಿಗೆ ಕುಣಿಕೆ ಹಾಕತೊಡಗಿ ನಡುವೆ ನಿಂತಳು. ಮಾಯಾಳಿಗಾದರೆ ಎಷ್ಟು ಹಾಕಬೇಕೆಂದು ಬೆರಳಿಗೆ ಬಾಯಿಪಾಠ. ಅವಳ ಬೆನ್ನಿನ ಅಗಲ, ತೋಳಿನ ಉದ್ದ, ತುಸು ಜೋತುಬಿದ್ದ ಎಡಭುಜ, ಎಲ್ಲವೂ ಗೊತ್ತು. ತನ್ನದು? ಇಷ್ಟು ವರ್ಷ ಹೆಣೆದ ಹೆಂಗಸಿಗೆ ತನ್ನ ಮೈಯ ಅಳತೆಯೇ ಗೊತ್ತಿರಲಿಲ್ಲ.

"ಇಲ್ಲಿ ಬರ್ರಿ," ಎಂದು ಗಂಡನನ್ನು ಕರೆದಳು. "ಈ ನೂಲು ಹಿಡದು ನನ್ನ ಬೆನ್ನ ಅಳತಿ ತಗೋರಿ."

ಸತ್ಯಪ್ಪ ಕೈ ಒರೆಸಿಕೊಂಡು ಬಂದ. ನೂಲಿನ ತುದಿಯನ್ನು ಒಂದು ಭುಜದ ಮೇಲಿಟ್ಟು, ಇನ್ನೊಂದು ಭುಜದವರೆಗೆ ಎಳೆದು, "ಇಷ್ಟ ಏನು?" ಎಂದು ಕೇಳಿದ.

ನಿಪ್ಪಾಣಿಯಿಂದ ಹಲ್ಲು ಕಚ್ಚಿ ತಡೆದುಕೊಂಡು ಬಂದಿದ್ದ ಅಳು ದುಂಡವ್ವನಿಗೆ ಆಗ ಬಂತು. ಭುಜ ಕುಲುಕುತ್ತಿದ್ದರಿಂದ ಅಳತೆ ಸಿಗಲಿಲ್ಲ. ಸತ್ಯಪ್ಪ ನೂಲು ಬಿಡದೆ ಹಾಗೆಯೇ ನಿಂತುಕೊಂಡ.