ಆಗಲೇ ಬಡಿಸಿ ಹೋದರು

ಆರು ಮೇಜಿನ ಆ ಇಟಾಲಿಯನ್ ಹೋಟೆಲಿನಲ್ಲಿ ಬಡಿಸುವವಳನ್ನು ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸದೆ ನುಗ್ಗಲಾರದಷ್ಟು ಎತ್ತರದ ಹೆಂಗಸು. ಆ ಹೆಸರಿಟ್ಟವನು ಹೋಟೆಲಿನ ಯಜಮಾನ, ಅವಳ ಸೋದರಮಾವ. ಹರೆಯದಲ್ಲಿ ಹಡಗಿನ ಅಡುಗೆಮನೆಯಲ್ಲಿ ದುಡಿದು, ಇಟಲಿಯವನೊಬ್ಬನಿಂದ ಹಿಟ್ಟು ನಾದುವುದನ್ನೂ ಬೈಗುಳವನ್ನೂ ಒಟ್ಟಿಗೇ ಕಲಿತು ಬಂದವನು. ಅತ್ತೆ ಮಂಡಿನೋವು ತಾಳಲಾರದೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತುಬಿಟ್ಟಾಗ, "ಅವಳ ಮಂಡಿ ಸರಿಹೋಗೋ ತನಕ ಬಾರೇ" ಎಂದು ಸೋದರಸೊಸೆಯನ್ನು ಕರೆಸಿಕೊಂಡಿದ್ದ. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಈಗ ಕಿವಿಯ ಪಕ್ಕ ಬಿಳಿಕೂದಲು ಇಣುಕುತ್ತಿವೆ. ಮಂಡಿ ಹಾಗೇ ಇದೆ.

ಎಡಗೈಯ ಉದ್ದಕ್ಕೂ ಮೂರು ತಟ್ಟೆ ಜೋಡಿಸಿಕೊಂಡು, ಬಲಗೈಯಲ್ಲಿ ನೀರಿನ ಹೂಜಿ ಹಿಡಿದು, ಸೊಂಟದಿಂದ ಬಾಗಿಲು ನೂಕಿ ಬರುವುದು ಅವಳ ನಡಿಗೆ. ಮುಖ ತಿರುಗಿಸಿ ಕೂತ ಗಂಡಹೆಂಡತಿಯ ಮೇಜಿಗೆ ಬ್ರೆಡ್ಡು ಮೊದಲು ಹೋಗುತ್ತಿತ್ತು. ಬಾಯಿ ತುಂಬಿದ್ದರೆ ಮಾತು ಬೆಳೆಯದು ಎಂಬುದು ಅವಳ ಲೆಕ್ಕ. ಗಿರಾಕಿಗಳೆಲ್ಲ ಎದ್ದ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯ ಬಳಿ ನಿಂತೇ, ಬಾಣಲೆಯ ತಳದಲ್ಲಿ ಉಳಿದ ಪಾಸ್ತಾ ತಿನ್ನುತ್ತಿದ್ದಳು. ಅಲ್ಲಿನ ಕುರ್ಚಿಗಳನ್ನು ಎಷ್ಟೋ ಸಲ ಒರೆಸಿದ್ದಳು, ಒಂದರಲ್ಲೂ ಕೂತವಳಲ್ಲ.

ಆ ವರ್ಷ ಬ್ರೆಡ್ಡಿನವನು ಅವಳ ನಿದ್ದೆ ಕೆಡಿಸಿದ್ದ. ಬೆಳಿಗ್ಗೆ ವ್ಯಾನಿನಲ್ಲಿ ಬ್ರೆಡ್ಡು ತಂದಿಳಿಸುವ, ಹೆಂಡತಿಯನ್ನು ಕಳೆದುಕೊಂಡ, ಮಾತು ಕಡಿಮೆಯ ಮನುಷ್ಯ. ಬೇರೆ ಊರಿನಲ್ಲಿ ಅವನಣ್ಣ ತನ್ನ ಬೇಕರಿಯನ್ನು ಅವನಿಗೆ ಬಿಟ್ಟುಕೊಡುತ್ತಿದ್ದ. "ನೀವೂ ಬನ್ನಿ. ಮದುವೆ ಮಾಡ್ಕೊಂಡೇ ಹೋಗೋಣ," ಎಂದಿದ್ದ, ಬುಟ್ಟಿ ಕೆಳಗಿಡುತ್ತ. "ಆಗಲ್ಲ ಅಂದ್ರೂ ಬೇಜಾರಿಲ್ಲ. ನಾನು ಹೋದ್ಮೇಲೆ ಮಾತ್ರ ಹೂಂ ಅನ್ನಬೇಡಿ." ತಿಂಗಳ ಕೊನೆಗೆ ಅವನು ಹೊರಡುವವನು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಆ ದಿನಗಳಲ್ಲೇ ಅದು ಶುರುವಾದದ್ದು.

ಕಿಟಕಿಯ ಮೇಜಿನಲ್ಲಿ ಪ್ರತಿ ಮಧ್ಯಾಹ್ನ ಒಬ್ಬರೇ ಉಣ್ಣುವ ಕನ್ನಡಕದಂಗಡಿಯವರ ತಟ್ಟೆಗೆ ಅವಳು ಚೀಸು ತುರಿಯಲು ಹೋದಳು. ಅವರು ಅಂಗೈ ಅಡ್ಡ ಹಿಡಿದರು.

"ಬೇಡಮ್ಮ, ಆಗ್ಲೇ ಆ ಹಿರಿಯರು ಹಾಕಿ ಹೋದ್ರಲ್ಲ."

"ಯಾವ ಹಿರಿಯರು?"

"ನಿಮ್ಮ ತಾಯಿ ಅಲ್ವಾ? ಅದೇ ಎತ್ತರ, ಅದೇ ನಡಿಗೆ. ಪಾಪ, ಕೈ ನಡುಗುತ್ತೆ ಅವರಿಗೆ."

ತುರಿಯುವ ಮಣೆಯೂ ಚೀಸಿನ ಗಟ್ಟಿಯೂ ಅವಳ ಕೈಯಲ್ಲೇ ಇದ್ದವು. ತಟ್ಟೆಯ ಮೇಲೆ ಚೀಸು ಬಿದ್ದಿತ್ತು. ಬಿಸಿಗೆ ಅಂಚು ಕರಗುತ್ತಿತ್ತು.

ಅತ್ತೆ ನಕ್ಕುಬಿಟ್ಟಳು. "ಕನ್ನಡಕ ಮಾರೋರ ಕಣ್ಣೇ ಕೆಟ್ಟಿದೆ ನೋಡು! ನಿಮ್ಮಮ್ಮ ಬದುಕಿದ್ದಾಗ ನನ್ನ ಭುಜಕ್ಕೂ ಬರ್ತಿರಲಿಲ್ಲ. ಇನ್ನು ನಾನೋ, ಈ ಮಂಡಿ ಇಟ್ಕೊಂಡು ಆ ಮೇಜಿಗೆ ಹೋಗಿ ಬರೋಷ್ಟರಲ್ಲಿ ಅವರಿಗೆ ರಾತ್ರಿ ಊಟದ ಹೊತ್ತಾಗುತ್ತೆ."

ಪುಟ್ಟಿಯೂ ನಕ್ಕಳು. ಆದರೆ ಮರುದಿನ ಬೇರೊಂದು ಮೇಜಿನವರು "ಆ ಅಮ್ಮ ಆಗ್ಲೇ ನೀರು ಕೊಟ್ರು" ಎಂದರು. ಲೋಟಗಳು ತುಂಬಿದ್ದವು. ಎದುರು ಮೇಜಿನ ಹೆಂಗಸು, ಗಾಳಿ ಬೀಸದ ಜಾಗಕ್ಕೆ ತನ್ನ ಕುರ್ಚಿ ಸರಿಸಿಕೊಟ್ಟ ಮುದುಕಿಗೆ ಥ್ಯಾಂಕ್ಸ್ ಹೇಳಿಬಿಡಿ ಎಂದು ಹೋದಳು. ಪುಟ್ಟಿ ಎಷ್ಟು ಬೇಗ ತಿರುಗಿ ನೋಡಿದರೂ ಕಾಣುತ್ತಿದ್ದುದು ಗೋಡೆ, ಮೇಜು, ಕುರ್ಚಿ. ಮಾವನಿಗೂ ಕಾಣಲಿಲ್ಲ, ಅತ್ತೆಗೂ ಕಾಣಲಿಲ್ಲ. ಆ ಮುದುಕಿ ಉಣ್ಣಲು ಕೂತವರಿಗೆ ಮಾತ್ರ ಕಾಣುತ್ತಿದ್ದಳು. ಅವರು ಯಾರೂ ಹೆದರಲಿಲ್ಲ. ಅವರ ಪಾಲಿಗೆ ಅವಳು ಹೋಟೆಲಿನ ಕೆಲಸದವಳು, ಅಷ್ಟೆ.

ಒಂದು ದಿನ ಅಪ್ಪ ಅಮ್ಮನ ಜೊತೆ ಬಂದ ಪುಟ್ಟ ಹುಡುಗಿಯ ತಟ್ಟೆಯಲ್ಲಿ ಉದ್ದನೆಯ ಪಾಸ್ತಾ ಸಣ್ಣ ಸಣ್ಣ ತುಂಡಾಗಿ ಬಿದ್ದಿತ್ತು.

"ಯಾರು ಕತ್ತರಿಸಿದ್ದು, ಕಂದಾ?"

"ಉದ್ದ ಅಜ್ಜಿ." ಮಗು ಪುಟ್ಟಿಯ ಎಡಗೈ ಹಿಡಿದು, ಮಣಿಕಟ್ಟಿನ ಒಳಬದಿಯನ್ನು ಬೆರಳಿನಿಂದ ತೀಡಿತು. "ಅಜ್ಜಿಗೆ ಇಲ್ಲಿ ಚಂದಮಾಮ ಇದೆ. ಅರ್ಧ ಚಂದಮಾಮ. ನಿಂಗಿಲ್ವಾ?"

"ಇಲ್ಲ ಪುಟ್ಟಾ."

"ಬರುತ್ತೆ ಬಿಡು," ಎಂದು ಮಗು ಸಮಾಧಾನ ಹೇಳಿತು.

ಅದೇ ವಾರ, ಓವನ್ನಿನಿಂದ ತಟ್ಟೆ ಎಳೆಯುವಾಗ ಬಟ್ಟೆ ಜಾರಿ ಕಾದ ಅಂಚು ಅವಳ ಎಡ ಮಣಿಕಟ್ಟಿಗೆ ತಗುಲಿತು. ಮಾವ ತಣ್ಣೀರು ಸುರಿದ, ಇಟಲಿಯ ಬೈಗುಳದಲ್ಲಿ ಓವನ್ನಿಗೆ ಬೈದ. ಬೊಬ್ಬೆ ಒಡೆದು ಒಣಗಿದಾಗ ಉಳಿದ ಗುರುತು, ಬಾಗಿದ ಅಂಚಿನ ಅರ್ಧ ಚಂದ್ರ. ಅದನ್ನು ನೋಡಿದ ಪುಟ್ಟಿ ಕಿರುಚಲಿಲ್ಲ. ಅಂಗಿಯ ತೋಳನ್ನು ಕೆಳಗೆಳೆದುಕೊಂಡು ಎರಡನೇ ಮೇಜಿಗೆ ಬ್ರೆಡ್ಡು ಇಟ್ಟು ಬಂದಳು. ಅಷ್ಟರಲ್ಲಿ ಅವಳಿಗೆ ಒಂದು ಗೊತ್ತಾಗಿತ್ತು. ಆ ಮುದುಕಿ ಅಮ್ಮನಲ್ಲ, ಸತ್ತವರು ಯಾರೂ ಅಲ್ಲ.

ಉಳಿದದ್ದನ್ನು ಕನ್ನಡಕದಂಗಡಿಯವರು ಹೇಳಿದರು, ಬಾಯಿ ಒರೆಸಿಕೊಳ್ಳುತ್ತ.

"ನಿನ್ನೆ ಕೇಳೇಬಿಟ್ಟೆ ಕಣಮ್ಮ, ಈ ವಯಸ್ಸಲ್ಲಿ ಯಾಕೆ ದುಡೀತೀರಿ, ಮನೇಲಿರಬಾರ್ದಾ ಅಂತ. 'ಇನ್ನೇನು, ಅತ್ತೆ ಮಂಡಿ ಸ್ವಲ್ಪ ಸರಿಹೋಗ್ಲಿ ಅಂತಿದೀನಿ' ಅಂದ್ರು." ಅವರು ತಲೆ ಕೆರೆದುಕೊಂಡರು. "ಅಷ್ಟು ವಯಸ್ಸಾದೋರಿಗೆ ಇನ್ನೂ ಅತ್ತೆ ಇದ್ದಾರಾ?"

ಪುಟ್ಟಿ ಗಲ್ಲಾಪೆಟ್ಟಿಗೆಯ ಕಡೆ ನೋಡಿದಳು. ಅತ್ತೆ ಮಂಡಿ ನೀವಿಕೊಳ್ಳುತ್ತ ಆಕಳಿಸುತ್ತಿದ್ದಳು.

ಬ್ರೆಡ್ಡಿನವನು ಹೊರಡುವ ವಾರ ಬಂತು. ಅಂದು ಮಧ್ಯಾಹ್ನ, ಹೋಟೆಲಿನಲ್ಲಿ ಇಬ್ಬರೋ ಮೂವರೋ ಇದ್ದಾಗ, ಪುಟ್ಟಿ ಸೊಂಟಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಗೋಡೆಯ ಪಕ್ಕದ ಮೇಜಿಗೆ ಹೋಗಿ ಕೂತಳು.

"ಏನೇ, ತಲೆ ಸುತ್ತುತ್ತಾ?" ಅತ್ತೆ ಕೇಳಿದಳು.

"ಇಲ್ಲ ಅತ್ತೆ. ಊಟಕ್ಕೆ ಬಂದಿದೀನಿ."

"ಅಯ್ಯೋ, ಮಹಾರಾಣಿ! ಬಡಿಸೋರ್ಯಾರು ಮತ್ತೆ?"

ಪುಟ್ಟಿ ಮೇಜಿನ ಬಟ್ಟೆಯನ್ನೇ ನೋಡುತ್ತ ಕೂತಳು. ಅಡುಗೆಮನೆಯ ಬಾಗಿಲು ಸೊಂಟದ ನೂಕಿಗೆ ತೆರೆದ ಸದ್ದಾಯಿತು. ಹೆಜ್ಜೆಗಳು ಬಂದವು, ತುಸು ಎಳೆಯುವ ಹೆಜ್ಜೆಗಳು. ಬ್ರೆಡ್ಡಿನ ಬುಟ್ಟಿ ಎದುರಿಗೆ ಇಳಿಯಿತು. ಇಟ್ಟ ಕೈಯ ಚರ್ಮ ಸುಕ್ಕುಗಟ್ಟಿತ್ತು. ಮಣಿಕಟ್ಟಿನ ಗುರುತು ಬೆಳ್ಳಗೆ, ಎಷ್ಟೋ ಹಳೆಯದಾಗಿ ಹೊಳೆಯುತ್ತಿತ್ತು. ಆಮೇಲೆ ಟೊಮೇಟೊ ಸಾಸಿನ ಪಾಸ್ತಾ ಬಂತು, ಹಬೆಯಾಡುತ್ತ.

ಅವಳು ಧೈರ್ಯ ತಂದುಕೊಂಡು ತಲೆಯೆತ್ತಿದಳು.

ಆ ಮುಖದಲ್ಲಿ ಅಳು ಇದ್ದಿದ್ದರೆ ಕಣ್ಣೊರೆಸುತ್ತಿದ್ದಳು, ಸಿಟ್ಟಿದ್ದರೆ ಕಾಲು ಹಿಡಿಯುತ್ತಿದ್ದಳು. ಎರಡೂ ಇರಲಿಲ್ಲ. ಗಿರಾಕಿಗಳಿಗೆಂದು ತಾನೇ ದಿನವೂ ತುಟಿಗೆ ತಂದುಕೊಳ್ಳುವ ನಗು ಅಲ್ಲಿ ಅಂಟಿಕೊಂಡು ಉಳಿದಿತ್ತು, ಒಳಗೆ ಯಾರೂ ಇಲ್ಲದ ಮನೆಯ ದೀಪದ ಹಾಗೆ. ಕಣ್ಣುಗಳು ಪುಟ್ಟಿಯ ಮೇಲೆ ನಿಂತವು. ಗುರುತು ಹಿಡಿಯಲಿಲ್ಲ.

"ಮೊದಲನೇ ಸಲ ಬಂದಿದೀರಾ?" ಮುದುಕಿ ವಿನಯದಿಂದ ಕೇಳಿದಳು.

ಪುಟ್ಟಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೌದು."

"ಬಿಸಿಯಿದ್ದಾಗಲೇ ತಿನ್ನಿ," ಎಂದು ಹೇಳಿ ಮುದುಕಿ ಮುಂದಿನ ಮೇಜಿನತ್ತ ಹೊರಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಗೋಡೆ ಇತ್ತು.

ಪುಟ್ಟಿ ತಿಂದಳು. ತಟ್ಟೆಯಲ್ಲಿ ಒಂದೆಳೆ ಬಿಡದಂತೆ ತಿಂದಳು. ಆಮೇಲೆ ಎದ್ದು, ಗಲ್ಲಾಪೆಟ್ಟಿಗೆ ದಾಟುವಾಗ ಅತ್ತೆಯ ಭುಜವನ್ನು ಒಮ್ಮೆ ಅದುಮಿ, ತಲೆ ತಗ್ಗಿಸಿ ಅಡುಗೆಮನೆಗೆ ಹೋದಳು.

"ಮಾವ, ಬ್ರೆಡ್ಡಿನವರ ಜೊತೆ ಹೋಗ್ತಿದೀನಿ. ಇನ್ಮೇಲೆ ಬರಲ್ಲ."

ಮಾವ ಸೌಟು ತಿರುವುವುದನ್ನು ನಿಲ್ಲಿಸಿದ. ಒಲೆ ಸಣ್ಣಗೆ ಮಾಡಿದ. ಕೈ ಒರೆಸಿಕೊಂಡು, ಎಷ್ಟೋ ವರ್ಷಗಳಲ್ಲಿ ಅವಳನ್ನು ಒಮ್ಮೆಯೂ ಕೇಳದ ಮಾತನ್ನು ಕೇಳಿದ.

"ಊಟ ಹೇಗಿತ್ತೇ?"

"ಉಪ್ಪು ಒಂಚೂರು ಮುಂದಾಗಿತ್ತು, ಮಾವ," ಎಂದಳು ಪುಟ್ಟಿ.